ತಕರಾರು ಹೇಳುವ ಬಾಗಿಲನ್ನೇ ಕಿತ್ತರು



ಶಿವಮೊಗ್ಗ ಪೇಟೆಯ ವಿನೋಬನಗರಕ್ಕೆ ನೀವು ಒಂದಲ್ಲ ಒಂದು ಕೆಲಸಕ್ಕೆ ಬಂದೇ ಇರುತ್ತೀರಿ. ಮಗಳ ಕಾಲೇಜು, ಆಸ್ಪತ್ರೆ, ನೆಂಟರ ಮನೆ, ಏನಾದರೊಂದು. ಆ ಬಡಾವಣೆಗೆ ಇಟ್ಟಿರುವುದು ವಿನೋಬಾ ಭಾವೆಯವರ ಹೆಸರು. 1951ರಲ್ಲಿ ತೆಲಂಗಾಣದ ಪೋಚಂಪಳ್ಳಿಯಿಂದ ಶುರು ಮಾಡಿ, ಊರೂರು ನಡೆದು, ಭೂಮಿ ಇಲ್ಲದವರಿಗೆ ಒಂದಿಷ್ಟು ಕೊಡಿ ಅಂತ ಉಳ್ಳವರ ಮುಂದೆ ಕೈಚಾಚಿದ ಮನುಷ್ಯ ಅವರು. ಅದೇ ವರ್ಷ ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ದಾನ ಕೇಳಲಿಲ್ಲ, ಹಕ್ಕು ಕೇಳಿದರು. ಲೋಹಿಯಾ ಬಂದು ಅವರ ಜೊತೆ ನಿಂತು ಬಂಧನಕ್ಕೆ ಒಳಗಾದರು. ಎರಡು ದಾರಿಯೂ ಬೇರೆ ಬೇರೆ. ಆದರೆ ಎರಡರಲ್ಲೂ ಭೂಮಿಯ ಮಾತು ಊರಿನ ನಡುವೆ, ಮುಖಕ್ಕೆ ಮುಖ ಕೊಟ್ಟು ನಡೆಯಿತು.

ಈಗ ಭೂಮಿ ಕೇಳುವವನ ಮುಖವೇ ಕಾಣುವುದಿಲ್ಲ. ಅವನು ದುಬೈಯಲ್ಲೋ ಸಿಂಗಪುರದಲ್ಲೋ ಲಂಡನ್ನಿನಲ್ಲೋ ಕೂತಿರುತ್ತಾನೆ. ಅವನ ಅರ್ಜಿ ಕಂಪ್ಯೂಟರಿನಲ್ಲಿ ಬರುತ್ತದೆ. ಆ ಅರ್ಜಿ ಬೇಗ ಸಾಗಲಿ ಅಂತ ದಿಲ್ಲಿಯ ಸರ್ಕಾರ ಒಂದು ಕಡೆಯಿಂದ, ಬೆಂಗಳೂರಿನ ಸರ್ಕಾರ ಇನ್ನೊಂದು ಕಡೆಯಿಂದ, ಇಪ್ಪತ್ತು ವರ್ಷದಿಂದ ದಾರಿ ಗುಡಿಸುತ್ತಾ ಬಂದಿವೆ. ಇದಕ್ಕೆ ಅವರು ಇಟ್ಟ ಹೆಸರು ಸುಧಾರಣೆ, ಸರಳೀಕರಣ. ದಾರಿಯಿಂದ ಗುಡಿಸಿ ಹಾಕಿದ ಕಸ ಯಾವುದು ಅಂತ ನಾವು ನೋಡಬೇಕು.

ಮೊದಲು ದಿಲ್ಲಿಯ ಕತೆ. ಹೊರದೇಶದ ಹಣ ನಮ್ಮಲ್ಲಿ ಟೌನ್‌ಶಿಪ್ ಕಟ್ಟಬೇಕಾದರೆ ಹಿಂದೆ ಕೇಂದ್ರದ ವಿದೇಶಿ ಹೂಡಿಕೆ ಮಂಡಳಿಯ ಮುಂದೆ ಹೋಗಿ ಅಪ್ಪಣೆ ಪಡೆಯಬೇಕಿತ್ತು. 2005ರಲ್ಲಿ ಆ ಅಪ್ಪಣೆ ಬೇಡ ಎಂದರು. ನೂರಕ್ಕೆ ನೂರು ಹಣ ತನ್ನಿಂತಾನೇ ಒಳಗೆ ಬರಬಹುದು ಎಂದಾಯಿತು. ಆಗ ಕೆಲವು ಷರತ್ತುಗಳಿದ್ದವು: ನಿವೇಶನದ ಬಡಾವಣೆಯಾದರೆ ಕನಿಷ್ಠ 25 ಎಕರೆ, ಬಂಡವಾಳ ಇಷ್ಟು ಇರಬೇಕು, ಮೂರು ವರ್ಷ ಹಣ ಹಿಂದಕ್ಕೆ ಒಯ್ಯುವಂತಿಲ್ಲ, ಹೀಗೆ. 2014ರಲ್ಲಿ ಷರತ್ತು ಸಡಿಲವಾಯಿತು. 2015ರಲ್ಲಿ ವಿಸ್ತೀರ್ಣದ ಮಿತಿಯೂ ಹೋಯಿತು, ಬಂಡವಾಳದ ಮಿತಿಯೂ ಹೋಯಿತು. ಒಬ್ಬ ವಿದೇಶಿ ತನ್ನ ಪಾಲನ್ನು ಇನ್ನೊಬ್ಬ ವಿದೇಶಿಗೆ ಮಾರುವುದಾದರೆ ಮೂರು ವರ್ಷ ಕಾಯುವುದೂ ಬೇಡವಾಯಿತು. 2017ರಲ್ಲಿ ಮಂಡಳಿಯನ್ನೇ ರದ್ದು ಮಾಡಿದರು. ಮೊದಲು ಅಪ್ಪಣೆ, ಆಮೇಲೆ ಹಣ ಎನ್ನುವ ಕ್ರಮ ಇತ್ತು. ಈಗ ಮೊದಲು ಹಣ. ಆಮೇಲೆ ರಿಸರ್ವ್ ಬ್ಯಾಂಕಿಗೆ ಒಂದು ವರದಿ.

ಆ ಪಾಲು ಮಾರಾಟದ ಮಾತನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ನೀವು ಪಕ್ಕದ ಮನೆಯವರಿಗೆ ಹತ್ತು ಗುಂಟೆ ಮಾರಿದರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು, ಸ್ಟಾಂಪು ಕಟ್ಟಬೇಕು, ಹೆಬ್ಬೆಟ್ಟು ಒತ್ತಬೇಕು, ಮ್ಯುಟೇಶನ್ ಆಗಬೇಕು, ಊರಿಗೆಲ್ಲ ಗೊತ್ತಾಗಬೇಕು. ಅಲ್ಲಿ ಕಂಪನಿಯ ಷೇರು ದುಬೈಯಿಂದ ಸಿಂಗಪುರಕ್ಕೆ ಕೈ ಬದಲಾದರೆ ಪಹಣಿಯಲ್ಲಿ ಒಂದು ಅಕ್ಷರ ಕದಲುವುದಿಲ್ಲ. ಕಂಪನಿಯ ಹೆಸರು ಅದೇ, ಯಜಮಾನ ಮಾತ್ರ ಬೇರೆ. ಗ್ರಾಮಲೆಕ್ಕಿಗನಿಗೂ ತಿಳಿಯದು.

ಆದರೆ ವಿದೇಶಿಗೆ ಕೃಷಿಭೂಮಿ ಕೊಳ್ಳುವ ಹಕ್ಕೇ ಇಲ್ಲವಲ್ಲ ಅಂತ ನೀವು ಕೇಳಬಹುದು. ಸರಿಯಾಗೇ ಕೇಳಿದಿರಿ. ಹೊರದೇಶದವರು, ಹೊರದೇಶದಲ್ಲಿ ನೆಲೆಸಿದ ನಮ್ಮವರೂ ಸೇರಿ, ಕೃಷಿಭೂಮಿ, ಪ್ಲಾಂಟೇಶನ್ನು, ತೋಟದ ಮನೆ ಕೊಳ್ಳುವಂತಿಲ್ಲ ಅಂತ ವಿದೇಶಿ ವಿನಿಮಯ ಕಾಯಿದೆಯ ನಿಯಮ ಇವತ್ತಿಗೂ ಹೇಳುತ್ತದೆ. ಆದರೆ ಭೂಪರಿವರ್ತನೆ ಆದ ದಿನ ಅದು ಕೃಷಿಭೂಮಿಯೇ ಅಲ್ಲ. ಗದ್ದೆ ಅದೇ, ಮಣ್ಣು ಅದೇ, ಕಾಗದ ಬೇರೆ. ಹಾಗಾಗಿ ದಿಲ್ಲಿಯ ಬಾಗಿಲು ಎಷ್ಟೇ ತೆರೆದಿದ್ದರೂ ಕೊನೆಯ ಬೀಗ ಇದ್ದದ್ದು ನಮ್ಮ ಕರ್ನಾಟಕದಲ್ಲಿ, ನಮ್ಮ ಭೂಸುಧಾರಣಾ ಕಾಯಿದೆಯಲ್ಲಿ ಮತ್ತು ಜಿಲ್ಲಾಧಿಕಾರಿಯ ಪರಿವರ್ತನೆ ಆದೇಶದಲ್ಲಿ.

ಆ ಬೀಗದ ಗತಿ ಏನಾಯಿತು? ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ 79ಎ, 79ಬಿ ಅಂತ ಎರಡು ಕಲಮು ಇದ್ದವು. ಬೇರೆ ವರಮಾನ ಹೆಚ್ಚಿದ್ದವನು ಕೃಷಿಭೂಮಿ ಕೊಳ್ಳಬಾರದು ಅನ್ನುವುದು 79ಎ. ಸ್ವತಃ ಬೇಸಾಯ ಮಾಡದವರು, ಕಂಪನಿ, ಟ್ರಸ್ಟು ಕೃಷಿಭೂಮಿ ಇಟ್ಟುಕೊಳ್ಳಬಾರದು ಅನ್ನುವುದು 79ಬಿ. ವರಮಾನದ ಮಿತಿ ಮೊದಲು ವರ್ಷಕ್ಕೆ 12 ಸಾವಿರ ರೂಪಾಯಿ ಇತ್ತು. ಏರುತ್ತಾ ಏರುತ್ತಾ 2 ಲಕ್ಷವಾಯಿತು, 2015ರಲ್ಲಿ ಒಂದೇ ನೆಗೆತಕ್ಕೆ 25 ಲಕ್ಷವಾಯಿತು. 2020ರಲ್ಲಿ, ಕೊರೊನಾ ಭಯಕ್ಕೆ ನಾವೆಲ್ಲ ಮನೆಯೊಳಗೆ ಕೂತಿದ್ದಾಗ, ಸುಗ್ರೀವಾಜ್ಞೆ ತಂದು ಎರಡೂ ಕಲಮನ್ನು ಅಳಿಸಿದರು. ಭೂಮಿತಿಯನ್ನೂ ದುಪ್ಪಟ್ಟು ಮಾಡಿದರು. ಐದು ಜನರ ಕುಟುಂಬಕ್ಕೆ ಖುಷ್ಕಿ 54 ಎಕರೆ ಇದ್ದದ್ದು ಆ ಸುಗ್ರೀವಾಜ್ಞೆಯಲ್ಲಿ 108 ಆಯಿತು.

ಅಳಿಸಿದ್ದು ಎಂದಿನಿಂದ ಗೊತ್ತೇ? 1974ರ ಮಾರ್ಚ್ 1ರಿಂದಲೇ ಅವು ಇರಲಿಲ್ಲ ಅಂತ ಭಾವಿಸತಕ್ಕದ್ದು! ನಲವತ್ತಾರು ವರ್ಷ ಕಾಯಿದೆ ಮುರಿದು ಕೊಂಡವರ ಮೇಲಿದ್ದ ಕೇಸುಗಳು ಒಂದೇ ಏಟಿಗೆ ಬಿದ್ದುಹೋದವು. ಇದನ್ನು ಬಗರ್‌ಹುಕುಂ ಸಾಗುವಳಿಯವನ ಪಕ್ಕದಲ್ಲಿಟ್ಟು ನೋಡಿ. ಅವನು ಫಾರಂ 57 ಹಾಕಬೇಕಾದರೆ 2005ರ ಜನವರಿ 1ಕ್ಕೆ ಮೊದಲೇ ಉಳುತ್ತಿದ್ದೆ ಅಂತ ಸಾಬೀತು ಮಾಡಬೇಕು. ಒಂದು ದಿನ ಹಿಂದೆಮುಂದೆ ಆದರೆ ಅರ್ಜಿ ವಜಾ. ಕೊಂಡವನಿಗೆ ಕಾಯಿದೆ ಹಿಂದಕ್ಕೆ ನಡೆಯುತ್ತದೆ, ಉತ್ತವನಿಗೆ ಒಂದು ದಿನವೂ ಬಾಗುವುದಿಲ್ಲ.

ಪರಿವರ್ತನೆಗೂ ಇದೇ ಗತಿ. 2022ರ ತಿದ್ದುಪಡಿಯಿಂದ ಅರ್ಜಿದಾರ ಕೊಡುವ ಅಫಿಡವಿಟ್ಟಿನ ಆಧಾರದ ಮೇಲೇ ಆದೇಶ ಕೊಡುವ ಪದ್ಧತಿ ಬಂತು. ಕೈಗಾರಿಕೆಗಳಿಗೆ 2020ರಲ್ಲೇ ಇನ್ನೂ ದೊಡ್ಡ ಸವಲತ್ತು ಸಿಕ್ಕಿತ್ತು. ಸಮಿತಿ ಒಮ್ಮೆ ತಲೆಯಾಡಿಸಿದರೆ ಸಾಕು, ಉಳಿದ ರಾಜ್ಯದ ಅಪ್ಪಣೆಗಳಿಗೆ ಕಾಯದೆ ಕಟ್ಟಡ ಶುರು ಮಾಡಬಹುದು, ಮೂರು ವರ್ಷದೊಳಗೆ ಕಾಗದ ಹೊಂದಿಸಿಕೊಂಡರೆ ಆಯಿತು. ಯೋಜನೆ 500 ಕೋಟಿ ಮೀರಿದರೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಉನ್ನತ ಸಮಿತಿಯೇ ಕೂತು ನೋಡುತ್ತದೆ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಹೂಡಿಕೆದಾರರ ಜಾತ್ರೆಯಲ್ಲಿ ಹೊಸ ಏಕಗವಾಕ್ಷಿಯನ್ನು ಉದ್ಘಾಟಿಸಿ, 10 ಲಕ್ಷ 27 ಸಾವಿರ ಕೋಟಿ ರೂಪಾಯಿ ಬಂಡವಾಳದ ಮಾತು ಬಂದಿದೆ ಎಂದು ಸಾರಿದರು.

ನಮಗೂ ಒಂದು ಗವಾಕ್ಷಿ ಇದೆ ಸ್ವಾಮಿ, ತಾಲ್ಲೂಕು ಕಚೇರಿಯದ್ದು. ಊಟದ ಹೊತ್ತು ಅಂತ ಅದು ಮುಚ್ಚಿರುತ್ತದೆ. ನನ್ನ ಪಿತ್ರಾರ್ಜಿತ ಜಮೀನಿನ ಪೋಡಿಗೆ ಆರು ವರ್ಷ ಹಿಡಿಯಿತು. ಅದು ದೊಡ್ಡ ಮಾತಲ್ಲ ಬಿಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ನಾಡಿಗೆಲ್ಲ ಬೆಳಕಾಯಿತು. ಶರಾವತಿ ಮುಳುಗಡೆಯ ಕುಟುಂಬಗಳು ಹಕ್ಕುಪತ್ರಕ್ಕಾಗಿ ಇವತ್ತಿಗೂ ನಮ್ಮ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂರುತ್ತವೆ. ಭೂಮಿ ಅರಣ್ಯದ್ದೋ ಕಂದಾಯದ್ದೋ ಎಂಬ ವ್ಯಾಜ್ಯದಲ್ಲಿ ಮೂರು ತಲೆಮಾರು ಹೋಯಿತು. ಅರ್ಜಿ ಬೇಗ ಇತ್ಯರ್ಥವಾಗಬೇಕು ಅನ್ನುವುದಕ್ಕೆ ನನ್ನ ತಕರಾರಿಲ್ಲ. ಯಾರ ಅರ್ಜಿ ಎನ್ನುವುದೇ ನನ್ನ ಪ್ರಶ್ನೆ.

ನಮ್ಮಲ್ಲೇ ಕೆಲವರು ಹೇಳುತ್ತಾರೆ: “79ಎ ಹೋದದ್ದು ಒಳ್ಳೆಯದೇ ಆಯ್ತು ಮಾರಾಯ, ನನ್ನ ಭೂಮಿ, ಒಳ್ಳೆ ರೇಟು ಕೊಡೋರಿಗೆ ಮಾರ್ತೀನಿ, ನಿನಗೇನು?” ಈ ಮಾತನ್ನು ತಳ್ಳಿಹಾಕಲಾರೆ. ಆ ಕಲಮಿನ ಹೆಸರಲ್ಲಿ ಎ.ಸಿ. ಕಚೇರಿಗಳಲ್ಲಿ ನಡೆದ ಸುಲಿಗೆ ಎಲ್ಲರಿಗೂ ಗೊತ್ತು. ಸಣ್ಣ ನೌಕರಿಯಲ್ಲಿದ್ದ ರೈತನ ಮಗನಿಗೆ ನೋಟೀಸು ಬರುತ್ತಿತ್ತು, ದೊಡ್ಡ ಕುಳ ಲಂಚ ಕೊಟ್ಟು ಪಾರಾಗುತ್ತಿದ್ದ. ಆದರೆ ಬಾಗಿಲಲ್ಲಿ ಕೂತ ಕಾವಲುಗಾರ ಕಳ್ಳ ಅಂತಾದರೆ ಕಾವಲುಗಾರನನ್ನು ಬದಲಾಯಿಸಬೇಕೋ, ಬಾಗಿಲನ್ನೇ ಕಿತ್ತು ಒಲೆಗೆ ಹಾಕಬೇಕೋ?

ಇನ್ನು ಒಳ್ಳೆ ರೇಟಿನ ಮಾತು. ಮಾರುವವನು ಯಾವ ಸ್ಥಿತಿಯಲ್ಲಿ ಮಾರುತ್ತಾನೆ ಅನ್ನುವುದರ ಮೇಲೆ ರೇಟು ನಿಂತಿದೆ. ಅಡಿಕೆಗೆ ಎಲೆಚುಕ್ಕೆ ಬಿದ್ದು ಫಸಲು ಹೋಯಿತು, ಸೊಸೈಟಿ ಸಾಲ ಕಂತು ತಪ್ಪಿತು, ಪಹಣಿಯ ಋಣದ ಕಾಲಂನಲ್ಲಿ ಬ್ಯಾಂಕಿನ ಹೆಸರು ಕೂತಿದೆ, ಮನೆಯಲ್ಲಿ ಮದುವೆ. ಇಂಥವನೂ ಸ್ವತಂತ್ರ, ಸಾವಿರ ಕೋಟಿ ಇಟ್ಟುಕೊಂಡು ಹತ್ತು ವರ್ಷ ಕಾಯಬಲ್ಲವನೂ ಸ್ವತಂತ್ರ ಅಂತ ಕಾಯಿದೆ ಹೇಳಿದರೆ ಆ ಸ್ವಾತಂತ್ರ್ಯ ಯಾರಿಗೆ ದಕ್ಕುತ್ತದೆ? ಬೆಳೆಗೆ ನ್ಯಾಯವಾದ ಬೆಲೆ ಕೊಡದೆ ಸಾಲಕ್ಕೆ ದೂಡಿ, ಆಮೇಲೆ ನಿನ್ನ ಭೂಮಿ ಮಾರಲಿಕ್ಕೆ ನೀನು ಸ್ವತಂತ್ರ ಅನ್ನುವುದು ಯಾವ ನ್ಯಾಯ?

ಮಾರುವ ಮಾತೇ ಬರದ ಕಡೆಯೂ ಇದೆ. ಕೆ.ಐ.ಎ.ಡಿ.ಬಿ. 1966ರ ತನ್ನದೇ ಕಾಯಿದೆಯಲ್ಲಿ ಭೂಮಿ ಹಿಡಿಯುತ್ತದೆ. ಖಾಸಗಿ ಕಂಪನಿಗಾದರೆ ನೂರಕ್ಕೆ ಎಂಬತ್ತು ಕುಟುಂಬಗಳ ಒಪ್ಪಿಗೆ ಬೇಕು ಎಂಬ 2013ರ ಕೇಂದ್ರ ಕಾಯಿದೆಯ ನಿಯಮ ಅದಕ್ಕೆ ತಾಕುವುದಿಲ್ಲ. 2010ರ ಜೂನ್‌ನಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ ಎರಡು ವಿದೇಶಿ ಉಕ್ಕಿನ ಕಂಪನಿಗಳ ಜೊತೆ ಒಪ್ಪಂದವಾಯಿತು. ಒಂದು ಕೊರಿಯಾದ ಪೋಸ್ಕೊ, ಗದಗದ ಹಳ್ಳಿಗುಡಿಗೆ. ಇನ್ನೊಂದು ಆರ್ಸೆಲರ್ ಮಿತ್ತಲ್, ಬಳ್ಳಾರಿಯ ಕುಡಿತಿನಿಗೆ. ಹಳ್ಳಿಗುಡಿಯ ರೈತರು ಎದ್ದುನಿಂತರು, ಗದಗದ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು, 2011ರ ಜುಲೈನಲ್ಲಿ ಸರ್ಕಾರ ಸ್ವಾಧೀನ ನಿಲ್ಲಿಸಿತು. 2013ರಲ್ಲಿ ಕಂಪನಿ ಗಂಟುಮೂಟೆ ಕಟ್ಟಿತು. ಆ ಎರೆಭೂಮಿ ರೈತರ ಕೈಯಲ್ಲೇ ಉಳಿಯಿತು. ಕುಡಿತಿನಿಯಲ್ಲಿ ಭೂಮಿ ಹೋಯಿತು. 2022ರ ಡಿಸೆಂಬರ್‌ನಲ್ಲಿ ಅಲ್ಲಿಯ ರೈತರು ಧರಣಿ ಕೂತಾಗಲೂ ಕಾರ್ಖಾನೆ ಎದ್ದಿರಲಿಲ್ಲ. ಹನ್ನೆರಡು ವರ್ಷ! ಉದ್ಯೋಗವೂ ಇಲ್ಲ, ಬೆಳೆಯೂ ಇಲ್ಲ.

ಬಿಡದಿಯದ್ದು ಇನ್ನೂ ವಿಚಿತ್ರ. ಡಿ.ಎಲ್.ಎಫ್. ಕಂಪನಿಯೂ ದುಬೈನ ಲಿಮಿಟ್‌ಲೆಸ್ ಕಂಪನಿಯೂ ಸೇರಿ ಅಲ್ಲಿ ಟೌನ್‌ಶಿಪ್ ಕಟ್ಟುತ್ತವೆ ಅಂತ 2007ರ ಸುಮಾರಿಗೆ ತೀರ್ಮಾನವಾಯಿತು. ಮರುವರ್ಷ ಜಗತ್ತಿನ ಮಾರುಕಟ್ಟೆ ಕುಸಿಯಿತು, ಯೋಜನೆ ನೆಲಕಚ್ಚಿತು. ಈಗ ಅದೇ ಬಿಡದಿಯ ಬೈರಮಂಗಲ ಸುತ್ತಮುತ್ತ ಮತ್ತೊಂದು ಟೌನ್‌ಶಿಪ್ಪಿಗೆ 2025ರಲ್ಲಿ ಅಧಿಸೂಚನೆ ಬಂತು, ರೈತರು ಮತ್ತೆ ಬೀದಿಗೆ ಬಂದರು.

ಹಳ್ಳಿಗುಡಿಯಲ್ಲಿ ಸ್ವಾಧೀನ ನಿಲ್ಲಿಸಿದ ಮುಖ್ಯಮಂತ್ರಿಯೂ 2020ರಲ್ಲಿ 79ಎ ಅಳಿಸಿದ ಮುಖ್ಯಮಂತ್ರಿಯೂ ಒಬ್ಬರೇ, ನಮ್ಮ ಜಿಲ್ಲೆಯ ಯಡಿಯೂರಪ್ಪನವರೇ. ಆಗ ವಿರೋಧ ಪಕ್ಷದಲ್ಲಿ ಕೂತು ಗುಡುಗಿದ ಕಾಂಗ್ರೆಸ್ಸಿನವರು 2023ರ ಮೇ ತಿಂಗಳಲ್ಲಿ ಅಧಿಕಾರಕ್ಕೆ ಬಂದರು. ವರ್ಷಗಳು ಉರುಳಿದರೂ ಕಲಮು ವಾಪಸು ಬರಲಿಲ್ಲ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಬಿಟ್ಟದ್ದಾಗಿ 2025ರ ಜುಲೈ 15ರಂದು ಸಿದ್ದರಾಮಯ್ಯನವರು ಘೋಷಿಸಿದರು, ನಿಜ. ಅದೂ ಮೂರು ವರ್ಷಕ್ಕೂ ಮೇಲ್ಪಟ್ಟು ರೈತರು ಧರಣಿ ಕೂತ ಮೇಲೆ. ಹಾಗಾಗಿ ಪಕ್ಷದ ಬಾವುಟ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಭೂಮಿ ಉಳಿದ ಕಡೆಯಲ್ಲೆಲ್ಲ ಉಳಿಸಿದ್ದು ಊರವರ ತಕರಾರು. ಆ ತಕರಾರನ್ನು ಕೇಳುವ ಹಂತಗಳನ್ನೇ ಇವರು ವಿಳಂಬ ಅಂತ ಕರೆಯುತ್ತಿದ್ದಾರೆ.

ಅಪ್ಪಣೆ ಕೇಳುವುದು ಹಳೆಯ ಕಾಲದ ಮೂರ್ಖತನ ಅಂತ ಅವರು ನಿಜವಾಗಿ ನಂಬಿದ್ದಾರಾ? ಇಲ್ಲ. 2020ರ ಏಪ್ರಿಲ್‌ನಲ್ಲಿ ಚೀನಾ ಮೊದಲಾದ ಗಡಿ ದೇಶಗಳ ಹಣಕ್ಕೆ ಸರ್ಕಾರದ ಪೂರ್ವಾನುಮತಿ ಕಡ್ಡಾಯ ಅಂತ ಇದೇ ದಿಲ್ಲಿ ಸರ್ಕಾರ ಆಜ್ಞೆ ಮಾಡಿತು. ತಮಗೆ ಅಳುಕು ಬಂದಾಗ ಅಪ್ಪಣೆಯ ಬೆಲೆ ಅವರಿಗೂ ಗೊತ್ತು. ಹೊರಗಿನ ಬಂಡವಾಳಕ್ಕೆ ಹೆಸರಾದ ಆಸ್ಟ್ರೇಲಿಯಾ ದೇಶವನ್ನೇ ನೋಡಿ. ವಿದೇಶಿಯೊಬ್ಬನ ಕೈಲಿರುವ ಕೃಷಿಭೂಮಿಯ ಒಟ್ಟು ಬೆಲೆ ಒಂದೂವರೆ ಕೋಟಿ ಡಾಲರು ಮೀರಿದರೆ ಸರ್ಕಾರ ತಪಾಸಣೆ ಮಾಡಬೇಕು ಅಂತ 2015ರಲ್ಲಿ ಅವರು ನಿಯಮ ಬಿಗಿ ಮಾಡಿದರು. ವಿದೇಶಿಯರ ಕೃಷಿಭೂಮಿಗೆಲ್ಲ ಬೇರೆ ರಿಜಿಸ್ಟರನ್ನೇ ಇಟ್ಟರು. ಇತ್ತೀಚೆಗೆ, 2025ರ ಏಪ್ರಿಲ್‌ನಿಂದ ಎರಡು ವರ್ಷ, ಕಟ್ಟಿ ಮುಗಿದ ಹಳೆ ಮನೆಗಳನ್ನು ವಿದೇಶಿಯರು ಕೊಳ್ಳದಂತೆ ತಡೆದರು. ಅವರ ಬಂಡವಾಳವೇನೂ ಓಡಿಹೋಗಲಿಲ್ಲ.

ನಮ್ಮ ಬೇಡಿಕೆಯೂ ಅಷ್ಟೇ. ಕೈಗಾರಿಕೆಗೋ ಟೌನ್‌ಶಿಪ್ಪಿಗೋ ಕೊಟ್ಟ ಪ್ರತಿ ಸರ್ವೆ ನಂಬರಿನ ಹಿಂದೆ ಇರುವ ಕಂಪನಿಯ ನಿಜವಾದ ಯಜಮಾನ ಯಾರು ಎಂಬ ರಿಜಿಸ್ಟರು ತಾಲ್ಲೂಕು ಕಚೇರಿಯಲ್ಲಿರಬೇಕು, ಯಾರು ಬೇಕಾದರೂ ನೋಡುವಂತಿರಬೇಕು. ಉನ್ನತ ಸಮಿತಿ ಕೂರುವ ಮೊದಲು ಆ ಊರಿನ ಗ್ರಾಮಸಭೆ ಕೂರಬೇಕು. ಐದು ವರ್ಷ ಏನೂ ಕಟ್ಟದಿದ್ದರೆ ಭೂಮಿ ರೈತನಿಗೆ ಮರಳಬೇಕು, ಬೋರ್ಡಿಗಲ್ಲ.

ಇದೆಲ್ಲ ಆಗುವವರೆಗೆ ನಿಮ್ಮ ಕೈಲಿರುವ ಕೆಲಸ ಹೇಳುತ್ತೇನೆ. ಪಹಣಿಯನ್ನು ಸಾಲ ಬೇಕಾದಾಗ ಮಾತ್ರ ತೆಗೆಸಬೇಡಿ, ಆರು ತಿಂಗಳಿಗೊಮ್ಮೆ ತೆಗೆಸಿ, ಪ್ರತಿ ಕಾಲಂ ಓದಿ. ಕೆ.ಐ.ಎ.ಡಿ.ಬಿ.ಯಿಂದ 28(1)ರ ಅಧಿಸೂಚನೆ ಹೊರಟರೆ ನಿಮಗೆ ನೋಟೀಸು ಬರಬೇಕು. ನೋಟೀಸು ಮುಟ್ಟಿದ ದಿನದಿಂದ ಆಕ್ಷೇಪಣೆಗೆ 30 ದಿನ. ಕವರು ಬಂತೆಂದು ಹೆದರಿ ವಾಪಸು ಕಳಿಸಬೇಡಿ, ತೆಗೆದುಕೊಂಡು ತಾರೀಕು ಬರೆದಿಡಿ. ಆಕ್ಷೇಪಣೆಯನ್ನು ಬಾಯಲ್ಲಿ ಹೇಳಿ ಬರಬೇಡಿ. ಬರೆದು ಕೊಡಿ, ನಕಲಿನ ಮೇಲೆ ಕಚೇರಿಯ ಸೀಲು ಹಾಕಿಸಿಕೊಳ್ಳಿ. ನೀರಾವರಿ ಇದ್ದರೆ ನೀರುಗಂದಾಯದ ರಶೀದಿ, ತೋಟವಿದ್ದರೆ ಮರದ ಲೆಕ್ಕ, ಸಾಲವಿದ್ದರೆ ಸೊಸೈಟಿಯ ಪತ್ರ ಜೊತೆಗಿಡಿ. ವಿಚಾರಣೆಗೆ ಕರೆದ ದಿನ ಒಬ್ಬೊಬ್ಬರೇ ಹೋಗಬೇಡಿ, ಊರಿನ ಅಷ್ಟೂ ಖಾತೆದಾರರು ಒಟ್ಟಿಗೆ ಹೋಗಿ. 28(4) ಆದ ಮೇಲೆ ಭೂಮಿ ಸರ್ಕಾರದ್ದು. ಆಮೇಲೆ ಉಳಿಯುವುದು ಕೋರ್ಟು ಮತ್ತು ಬೀದಿ ಎರಡೇ.