ಕೂಡು ಲೆಕ್ಕವೂ ಸೊನ್ನೆಯ ಸಾಕ್ಷ್ಯವೂ

ಒಂದೇ ಕೊಠಡಿಯಲ್ಲಿ ವಾಸಿಸಿ, ಸಮಭಾಗದ ಖರ್ಚಿನಲ್ಲಿ ಅಡುಗೆ ಮಾಡಿಕೊಂಡು ಓದುವ ವಿದ್ಯಾರ್ಥಿಗಳಿಗೆ ತಿಂಗಳ ಕೊನೆಯ ಲೆಕ್ಕವು ಒಂದು ಕಠಿನ ಪರೀಕ್ಷೆ. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ಎಲ್ಲರಿಗೂ ತಿಳಿದುದೇ. ಇಲ್ಲಿ ಹಣವು ಅಲ್ಪ. ಅದರಿಂದ ಹುಟ್ಟುವ ಮನಸ್ತಾಪವು ಅಲ್ಪವಲ್ಲ. ಕಂಪ್ಯೂಟರಿನ ಲೆಕ್ಕದ ಹಾಳೆ, ಎಂದರೆ ಸ್ಪ್ರೆಡ್‌ಶೀಟ್, ಈ ತೊಡಕನ್ನು ಬಿಡಿಸಬಲ್ಲುದು. ಆದರೆ ಸೂತ್ರವನ್ನು ಬರೆದವನು ಅದನ್ನು ಪರೀಕ್ಷಿಸುವ ಉಪಾಯವನ್ನೂ ಪಕ್ಕದಲ್ಲಿಯೇ ಬರೆದಿಡಬೇಕೆಂಬುದು ನಮ್ಮ ಅಭಿಪ್ರಾಯ.

ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬವರು ರಚಿಸಿದ ವಿಸಿಕ್ಯಾಲ್ಕ್ 1979ರಲ್ಲಿ ಹೊರಬಂದಿತು. ಒಂದು ಕೋಷ್ಠದ ಅಂಕಿಯನ್ನು ತಿದ್ದಿದೊಡನೆ ಅದನ್ನವಲಂಬಿಸಿದ ಕೋಷ್ಠಗಳೆಲ್ಲವೂ ತಾವಾಗಿಯೇ ಬದಲಾಗುವುದು ಅದರ ವೈಶಿಷ್ಟ್ಯ. ಇಂದಿನ ಹಾಳೆಗಳೂ ಇದೇ ತತ್ತ್ವವನ್ನನುಸರಿಸುತ್ತವೆ.

ರಾಮ, ಭೀಮ, ಸೋಮ ಎಂಬ ಮೂವರಿದ್ದಾರೆನ್ನೋಣ. ಹಾಳೆಯಲ್ಲಿ ತಾರೀಖು, ಕೊಟ್ಟವರ ಹೆಸರು, ಮೊಬಲಗು ಎಂದು ಮೂರು ಕಾಲಂಗಳು ಸಾಕು. ರಾಮನು ದಿನಸಿಗೆ 900 ರೂಪಾಯಿಗಳನ್ನೂ ಭೀಮನು ಗ್ಯಾಸಿಗೆ 600 ರೂಪಾಯಿಗಳನ್ನೂ ಕೊಟ್ಟಿದ್ದಾರೆ. ಸೋಮನು ಏನನ್ನೂ ಕೊಟ್ಟಿಲ್ಲ. ಒಬ್ಬೊಬ್ಬನ ಬಾಕಿಯನ್ನು ತಿಳಿಸುವ ಸೂತ್ರವು ಇಷ್ಟೆ: ಅವನ ಹೆಸರಿನ ಮುಂದಿರುವ ಮೊಬಲಗುಗಳನ್ನೆಲ್ಲ ಕೂಡಿ, ಒಟ್ಟು ಖರ್ಚಿನ ಮೂರನೆಯ ಒಂದು ಭಾಗವನ್ನು ಅದರಿಂದ ಕಳೆಯುವುದು. ಹೆಸರನ್ನು ನೋಡಿ ಕೂಡುವ ಕೆಲಸಕ್ಕೆ ಹಾಳೆಯಲ್ಲಿ ‘ಸಮ್‌ಇಫ್’ ಎಂಬ ಸಿದ್ಧ ಸಾಧನವುಂಟು. ಒಟ್ಟು ಖರ್ಚು 1500, ತಲಾ ಪಾಲು 500. ಆದಕಾರಣ ರಾಮನಿಗೆ 400, ಭೀಮನಿಗೆ 100 ರೂಪಾಯಿ ಬರಬೇಕು. ಸೋಮನು 500 ರೂಪಾಯಿ ಕೊಡಬೇಕು.

ಬರಬೇಕಾದುದನ್ನು ಧನವೆಂದೂ ಕೊಡಬೇಕಾದುದನ್ನು ಋಣವೆಂದೂ ಎಣಿಸಿ ಮೂರನ್ನೂ ಕೂಡಿದರೆ ಸೊನ್ನೆ ಬರುತ್ತದೆ. ಇದು ಆಕಸ್ಮಿಕವಲ್ಲ. ಒಬ್ಬನ ಸಾಲವೇ ಮತ್ತೊಬ್ಬನ ಗಳಿಕೆ. ಹೊರಗಿನ ಸಂಪರ್ಕವಿಲ್ಲದ ವ್ಯವಸ್ಥೆಯಲ್ಲಿ ವಿದ್ಯುದಾವೇಶದ ಮೊತ್ತವು ಹೇಗೆ ಬದಲಾಗದೋ ಹಾಗೆಯೇ ಈ ಮೊತ್ತವೂ ಬದಲಾಗಬಾರದು. ಆದುದರಿಂದ ನಾಲ್ಕನೆಯ ಕೋಷ್ಠದಲ್ಲಿ ಈ ಕೂಡುವಿಕೆಯ ಸೂತ್ರವನ್ನು ಬರೆದಿಡಬೇಕು. ಅವಸರದಲ್ಲಿ ಯಾರೋ ‘ಭೀಮ’ನ ದೀರ್ಘವನ್ನು ಬಿಟ್ಟು ‘ಭಿಮ’ ಎಂದು ಬರೆದರೆ ಯಂತ್ರವು ಆ 600 ರೂಪಾಯಿಗಳನ್ನು ಯಾರ ಹೆಸರಿಗೂ ಸೇರಿಸದು. ಒಟ್ಟು ಖರ್ಚಿನಲ್ಲಿ ಮಾತ್ರ ಎಣಿಸುವುದು. ಆಗ ಭೀಮನೇ ಸಾಲಗಾರನಾಗಿ ತೋರುವನು! ಆದರೆ ಪರೀಕ್ಷೆಯ ಕೋಷ್ಠದಲ್ಲಿ ಸೊನ್ನೆಗೆ ಬದಲು ಋಣ 600 ಕಾಣುವುದು. ತಪ್ಪು ಇದೆಯೆಂಬುದಲ್ಲದೆ ಎಷ್ಟೆಂಬುದೂ ತಿಳಿಯುವುದು.

ಸೊನ್ನೆ ಬಂದ ಮಾತ್ರಕ್ಕೆ ಲೆಕ್ಕವೆಲ್ಲ ಸರಿಯೆಂದು ನಂಬಬಾರದು. ಸೂತ್ರದ ವ್ಯಾಪ್ತಿಯು 20ನೆಯ ಸಾಲಿಗೇ ನಿಂತಿದ್ದರೆ 21ನೆಯ ಸಾಲಿನ ಖರ್ಚು ಎರಡು ಕಡೆಯಿಂದಲೂ ಬಿಟ್ಟುಹೋಗುವುದು, ಸೊನ್ನೆಯು ಕದಲದು. ಇಂತಹ ದೋಷವು ಪಂಡಿತರನ್ನೂ ಬಿಟ್ಟಿಲ್ಲ. ಸರಕಾರಗಳ ಸಾಲವನ್ನು ಕುರಿತು ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಪ್ರಬಂಧದ ಹಾಳೆಯೊಂದರಲ್ಲಿ, ಸರಾಸರಿಯ ಸೂತ್ರವು 20 ದೇಶಗಳಲ್ಲಿ 5ನ್ನು ಬಿಟ್ಟುಬಿಟ್ಟಿತ್ತು. 2013ರಲ್ಲಿ ಇದನ್ನು ಬೆಳಕಿಗೆ ತಂದವರಲ್ಲಿ ಮುಖ್ಯನಾದವನು, ತರಗತಿಯ ಅಭ್ಯಾಸಕ್ಕಾಗಿ ಆ ಲೆಕ್ಕವನ್ನು ಮರಳಿ ಮಾಡಹೊರಟ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ. ಪ್ರಬಂಧದ ಮೇಲೆ ಬೇರೆ ಆಕ್ಷೇಪಗಳೂ ಇದ್ದುವು. ಆದರೆ ಹಾಳೆಯ ಈ ತಪ್ಪನ್ನು ಲೇಖಕರೂ ಒಪ್ಪಿಕೊಂಡರು.

ಆದುದರಿಂದ ಸೂತ್ರವು ಇಡೀ ಕಾಲಂಅನ್ನು ಒಳಗೊಳ್ಳಲಿ. ತಿಂಗಳಿಗೊಮ್ಮೆ ಕೈಯಲ್ಲಿರುವ ರಸೀತಿಗಳ ಮೊತ್ತವನ್ನು ಹಾಳೆಯ ಮೊತ್ತದೊಡನೆ ಹೋಲಿಸಿ ನೋಡಲಿ. ಲೆಕ್ಕವನ್ನು ತಾವಾಗಿಯೇ ಮಾಡಿಕೊಡುವ ಸಿದ್ಧ ಆ್ಯಪ್‌ಗಳು ಇಂದು ಹೇರಳವಾಗಿವೆ. ಅವುಗಳಿಂದ ಶ್ರಮವು ಉಳಿಯುವುದು ನಿಜ. ಆದರೂ ವಿದ್ಯಾರ್ಥಿಗಳು ಒಮ್ಮೆಯಾದರೂ ಸ್ವಂತ ಹಾಳೆಯನ್ನು ರಚಿಸಿ, ಅದನ್ನು ಮೂವರ ಕಣ್ಣಿಗೂ ಕಾಣುವಂತೆ ತೆರೆದಿಡಬೇಕು. ಮೂವರೂ ಪರೀಕ್ಷಿಸಬಲ್ಲ ಲೆಕ್ಕದಲ್ಲಿ ಯಾರನ್ನೂ ಸಂಶಯಿಸುವ ಪ್ರಸಂಗವೇ ಬರುವುದಿಲ್ಲ.