ಮಗ್ಗದ ಮುಂದೆ ಹದಿನೈದು ನಿಮಿಷ

ಗ್ರೀಸ್ ದೇಶದ ಕ್ರೀಟ್ ದ್ವೀಪದಲ್ಲಿ ಹಳ್ಳಿಗಳನ್ನೂ ಕರಕುಶಲಗಳನ್ನೂ ಒಂದೇ ದಿನದಲ್ಲಿ ತೋರಿಸುವ ಪ್ರವಾಸಗಳಿವೆ. ಬೆಳಿಗ್ಗೆ ಕಡಲತೀರದ ಹೋಟೆಲಿನ ಮುಂದೆ ಬಸ್ಸು ಹತ್ತಿಸಿ, ಕುಂಬಾರರ ಹಳ್ಳಿ ಮಾರ್ಗರೀಟೆಸ್, ನೇಯ್ಗೆಯ ಹಳ್ಳಿ ಅನೋಗಿಯಾ ತೋರಿಸಿ, ನಡುವೆ ಊಟ ಹಾಕಿಸಿ, ಸಂಜೆಯೊಳಗೆ ತಂದು ಬಿಡುತ್ತಾರೆ. ಮಗಳು ಅಳಿಯನ ಜೊತೆ ನಾನೂ ಹೋಗಿ ಬಂದೆ. ಇದನ್ನು 'ಸಂಸ್ಕೃತಿ ದರ್ಶನ' ಎಂದು ಕರೆಯುವುದಕ್ಕೆ ನನ್ನ ತಕರಾರಿದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತೇವಲ್ಲ, ಅಲ್ಲಿ ದೊಣ್ಣೆಯ ಕೆಲಸವನ್ನು ಬಸ್ಸಿನ ವೇಳಾಪಟ್ಟಿ ಮಾಡುತ್ತದೆ. ಮಣ್ಣು ಸೋಸಿ, ಹದಗೊಳಿಸಿ, ತಿಗರಿಯ ಮೇಲೆ ಎತ್ತಿ, ಒಣಗಿಸಿ, ಆವಿಗೆಯಲ್ಲಿ ಸುಡಲು ದಿನಗಳೇ ಬೇಕು. ಎಣ್ಣೆ, ಧಾನ್ಯ ತುಂಬುವ ಆಳೆತ್ತರದ ವಾಡೆಗಳನ್ನು ಕ್ರೀಟಿನವರು ಮೂರೂವರೆ ಸಾವಿರ ವರ್ಷಗಳ ಹಿಂದೆಯೇ ಮಾಡುತ್ತಿದ್ದರು. ಕ್ನೋಸೋಸ್ ಅರಮನೆಯ ಉಗ್ರಾಣದಲ್ಲಿ ಅವು ಇವತ್ತಿಗೂ ನಿಂತಿವೆ. ಅಂಥದ್ದನ್ನು ಒಂದೇ ಸಲಕ್ಕೆ ಎತ್ತಲಾಗದು. ಒಂದು ಸುತ್ತು ಏರಿಸಿ, ಅದು ತುಸು ಗಟ್ಟಿಯಾದ ಮೇಲೆ ಇನ್ನೊಂದು. ಕಾಯಲು ಪುರಸೊತ್ತಿಲ್ಲದ ನಮಗೆ ತೋರಿಸಿದ್ದು ಅಂಗಡಿಯ ಕಪಾಟು!

ಅನೋಗಿಯಾದ ಕಥೆ ಇನ್ನೂ ಗಂಭೀರ. ಅದು ಪ್ಸಿಲೊರೀಟಿಸ್ ಬೆಟ್ಟದ ಮೈಮೇಲಿನ ಕುರಿಗಾರರ ಊರು. 1944ರ ಆಗಸ್ಟ್ 13ರಂದು ಜರ್ಮನ್ ಸೇನಾಧಿಕಾರಿ ಮ್ಯೂಲರ್ ಆ ಊರನ್ನು ನೆಲಸಮ ಮಾಡಲು, ಅಲ್ಲಿಯೂ ಸುತ್ತಲಿನ ಒಂದು ಕಿಲೋಮೀಟರಿನೊಳಗೂ ಸಿಕ್ಕ ಗಂಡಸರನ್ನೆಲ್ಲ ಕೊಲ್ಲಲು ಆಜ್ಞೆ ಹೊರಡಿಸಿದ. ಜರ್ಮನ್ ಸೇನಾಪತಿ ಕ್ರೈಪೆಯನ್ನು ಅಪಹರಿಸಿದವರು ಈ ಊರಿನ ಮೂಲಕ ಸಾಗಿದ್ದರೆಂಬುದು ಕಾರಣಗಳಲ್ಲೊಂದು. ಮನೆಗಳು ಉರುಳಿದವು. ಆಮೇಲೆ ಸಂಸಾರಗಳನ್ನು ಎತ್ತಿ ನಿಲ್ಲಿಸಿದ್ದರಲ್ಲಿ ಹೆಂಗಸರ ಮಗ್ಗಗಳ ಪಾಲು ದೊಡ್ಡದು.

ಇಂಥ ಊರಿನಲ್ಲಿ ನಮ್ಮ ಮಾರ್ಗದರ್ಶಿ ಹೇಳಿದ್ದೇನು? "ಇಲ್ಲಿನ ಹೆಂಗಸರು ಬಿಡುವಿನಲ್ಲಿ ನೇಯುತ್ತಾರೆ." ಬಿಡುವಂತೆ! ಉಣ್ಣೆ ತೊಳೆದು, ಹಿಂಜಿ, ನೂತು, ಬಣ್ಣ ಕಟ್ಟಿ, ಹಾಸು ಹೂಡಿ, ಹೊಕ್ಕು ಹಾಕಿ, ಬೆನ್ನು ಬಾಗುವವರೆಗೆ ಕೂತು ಮಾಡುವುದು ಬಿಡುವಿನ ಕೆಲಸವೇ? ಗಂಡಸು ಮಾಡಿದರೆ ಕಸುಬು, ಹೆಂಗಸು ಮಾಡಿದರೆ ಕಾಲಕ್ಷೇಪ. ಈ ಮಾತು ಗ್ರೀಸಿನಲ್ಲೂ ಒಂದೇ, ಗದಗಿನಲ್ಲೂ ಒಂದೇ. 'ಬಿಡುವು' ಎಂಬ ಹಣೆಪಟ್ಟಿ ಅಂಟಿತೋ, ದುಡಿಮೆಯ ಬೆಲೆ ಅರ್ಧಕ್ಕಿಳಿಯಿತು.

ಇಳಿಸುವವರು ಯಾರು? ನಾವೇ. ಕಡಲತೀರದ ಹೋಟೆಲಿನಲ್ಲಿ ಕಾಫಿಯ ಬೆಲೆ ಕೇಳಿ ತುಟಿಪಿಟಕ್ಕೆನ್ನದ ನಮ್ಮ ಗುಂಪಿನ ಹೆಂಗಸರು ಕರಿಯ ಬಟ್ಟೆಯ ಅಜ್ಜಿಯ ಮುಂದೆ ಚೌಕಾಸಿಗೆ ನಿಂತರು. ಕೈಮಗ್ಗದ್ದರ ಪಕ್ಕದಲ್ಲೇ ಯಂತ್ರದ ಹೊದಿಕೆಯೂ ತೂಗುತ್ತಿದ್ದರೆ, ಮುಟ್ಟಿ, ಹಿಂಬದಿ ತಿರುಗಿಸಿ, ನೇಯ್ದವರನ್ನು ಕೇಳಿ ತಿಳಿಯಬೇಕು. ಹದಿನೈದು ನಿಮಿಷದಲ್ಲಿ ಕಣ್ಣಿಗೆ ಬೀಳುವುದು ಬೆಲೆಯ ಚೀಟಿ ಮಾತ್ರ. ಅಗ್ಗದ್ದು ಗೆಲ್ಲುತ್ತದೆ.

"ಬಸ್ಸೂ ಬಾರದಿದ್ದರೆ ಆ ಮಗ್ಗ ಎಂದೋ ನಿಲ್ಲುತ್ತಿತ್ತು" ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಬಸ್ಸು ಬೇಡವೆಂದು ನಾನೆಲ್ಲಿ ಹೇಳಿದೆ? ಎರಡು ಹಳ್ಳಿಯ ಬದಲು ಒಂದಕ್ಕೇ ಹೋಗಲಿ. ಅರ್ಧ ದಿನ ಅಲ್ಲಿಯೇ ನಿಲ್ಲಲಿ. ನೇಯುವುದನ್ನು ತೋರಿಸಿದ ಹೆಣ್ಣಿಗೆ, ಯಾರೂ ಏನೂ ಕೊಳ್ಳದಿದ್ದರೂ, ಟಿಕೆಟ್ಟಿನ ಹಣದಲ್ಲೇ ಕೂಲಿ ಕೊಡಲಿ. ಮಾರ್ಗದರ್ಶಿಗೆ ಸಂಬಳ, ಚಾಲಕನಿಗೆ ಸಂಬಳ, ಆಕೆಗೆ ಮಾತ್ರ ಏಕೆ ಪುಕ್ಕಟೆ?

ಇನ್ನೊಂದು ಮಾತು. ಆ ಊರಿನ ಹುಡುಗಿಯರು ಮಗ್ಗ ಬಿಟ್ಟು ಪಟ್ಟಣಕ್ಕೆ ಓದಲು ಹೋಗುತ್ತಾರೆಂದು ಬಸ್ಸಿನಲ್ಲಿ ಮರುಗಿದವರುಂಟು. ಇಪ್ಪತ್ತೆಂಟು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ನನಗೆ ಆ ಮರುಕ ಹಿಡಿಸಲಿಲ್ಲ. ನಮ್ಮ ಮಕ್ಕಳು ಎಂಜಿನಿಯರಾಗಬೇಕು, ಅವರ ಮಕ್ಕಳು ನಮ್ಮ ಫೋಟೋಕ್ಕಾಗಿ ಮಗ್ಗದಲ್ಲಿ ಕೂರಬೇಕೇ? ಮಗ್ಗ ಉಳಿಯಬೇಕಾದರೆ ಅದರಲ್ಲಿ ಕೂತವಳ ಹೊಟ್ಟೆ ತುಂಬಬೇಕು. ಆಗ ಓದಿದ ಹುಡುಗಿಯೂ ತಾನಾಗಿ ಅದಕ್ಕೆ ಮರಳಿಯಾಳು. ಸಂಪ್ರದಾಯವನ್ನು ಹೊಗಳಲು ಖರ್ಚಿಲ್ಲ. ಕೂಲಿ ಕೊಡುವಾಗಲೇ ನಮ್ಮ ಅಭಿಮಾನದ ಪರೀಕ್ಷೆ.