ಜವಾನನಿಲ್ಲದ ಹೈಸ್ಕೂಲು, ‘ಗೌರವ’ದ ಚಾಕರಿ

ಸರ್ಕಾರಿ ಹೈಸ್ಕೂಲು ನಡೆಸೋರು ಯಾರು? ಹೆಡ್‌ಮಾಸ್ಟರು ಎನ್ನುತ್ತದೆ ಬೋರ್ಡು. ಆದರೆ ಹಳ್ಳಿ ಕಡೆಯ ಅನೇಕ ಶಾಲೆಗಳಲ್ಲಿ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ನೋಡಿದವರಿಗೆ ಸಿಗುವ ಉತ್ತರವೇ ಬೇರೆ. ಬೀಗದ ಕೈ ಹತ್ತನೇ ಕ್ಲಾಸಿನ ಹುಡುಗನ ಜೇಬಿನಲ್ಲಿ. ಪೊರಕೆ ಎಂಟನೇ ಕ್ಲಾಸಿನ ಹುಡುಗಿಯರ ಕೈಯಲ್ಲಿ. ಗಂಟೆ ಹೊಡೆಯುವವನು ಕ್ಲಾಸ್ ಲೀಡರ್. ಅಡುಗೆ ಕೋಣೆಯ ಹೆಂಗಸರು ಮೇಷ್ಟ್ರುಗಳಿಗಿಂತ ಮೊದಲೇ ಬಂದು ಹಾಲು ಕಾಯಿಸುತ್ತಿದ್ದಾರೆ. ಜವಾನ? ರಿಟೈರಾಗಿ ಮನೆಗೆ ಹೋದ. ಅವನ ಜಾಗಕ್ಕೆ ಇನ್ನೊಬ್ಬ ಬರಲೇ ಇಲ್ಲ.

ಹಾಗಾದರೆ ಮಕ್ಕಳು ಶಾಲೆಯಲ್ಲಿ ಕೈ ಆಡಿಸಲೇಬಾರದೇ? ಖಂಡಿತ ಆಡಿಸಬೇಕು. ಪ್ರಾರ್ಥನೆ ನಡೆಸುವುದು, ಗಿಡಕ್ಕೆ ನೀರು ಹಾಕುವುದು, ತನ್ನ ತಟ್ಟೆ ತಾನೇ ತೊಳೆಯುವುದು, ಶಾಲಾ ಸಂಸತ್ತಿನಲ್ಲಿ ‘ಆರೋಗ್ಯ ಮಂತ್ರಿ’ಯಾಗಿ ಕೈತೊಳೆಯುವ ಸಾಲು ನೋಡಿಕೊಳ್ಳುವುದು, ಇವೆಲ್ಲ ಪಾಠವೇ. ಮನೆಯಲ್ಲಿ ಒಂದು ಲೋಟ ಎತ್ತಿಡದ ಹುಡುಗ ಶಾಲೆಯಲ್ಲಿ ಬೆಂಚು ಸರಿಸಿದರೆ ತಾಯಿಗೂ ಸಂತೋಷ. ಇದಕ್ಕೆ ಯಾರದೂ ತಕರಾರಿಲ್ಲ.

ತಕರಾರು ಇರುವುದು ಬೇರೆ ಕಡೆ. ಮಗು ಕಲಿಯಲಿ ಎಂದು ಕೊಟ್ಟ ಕೆಲಸ ಒಂದು. ಆಳಿಲ್ಲ ಎಂದು ಹೊರಿಸಿದ ಕೆಲಸ ಇನ್ನೊಂದು. ಮೊದಲನೆಯದರಲ್ಲಿ ಎಲ್ಲರಿಗೂ ಸರದಿ ಬರುತ್ತದೆ. ಎರಡನೆಯದರಲ್ಲಿ ಸರದಿ ತಪ್ಪಿ, ಹೇಳಿದ್ದಕ್ಕೆ ಎದುರಾಡದ ನಾಲ್ಕು ಮಕ್ಕಳ ತಲೆಗೇ ಅದು ಕಾಯಂ ಆಗುತ್ತದೆ. ಕಸ ಗುಡಿಸುವುದು ಹುಡುಗಿಯರಿಗೆ, ಗಂಟೆ ಹುಡುಗರಿಗೆ. ಅಪ್ಪ ಪ್ರಶ್ನೆ ಕೇಳಲು ಬರುವ ಮನೆಯ ಮಗುವಿನ ಕೈಗೆ ಪೊರಕೆ ಬರುವುದು ಅಪರೂಪ.

ಇದು ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದನ್ನು ಕೋಲಾರ ಜಿಲ್ಲೆ ತೋರಿಸಿತು. 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಸರ್ಕಾರಿ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ವಿಡಿಯೋ ಹೊರಬಿತ್ತು. ಆ ಮಕ್ಕಳಲ್ಲಿ ದಲಿತರಿದ್ದರು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ 2013ರಲ್ಲೇ ಕಾನೂನು ಬಂದಿದೆ. ದೊಡ್ಡವರನ್ನೇ ಇಳಿಸಬಾರದ ಗುಂಡಿಗೆ ಮಕ್ಕಳನ್ನು ಇಳಿಸಲಾಯಿತು. ಅಮಾನತು ಆಯಿತು, ಕೇಸೂ ಆಯಿತು. ಅದೇ ತಿಂಗಳು ಬೆಂಗಳೂರಿನ ಸರ್ಕಾರಿ ಶಾಲೆಯೊಂದರ ಮಕ್ಕಳು ಶೌಚಾಲಯ ತೊಳೆಯುವ ದೃಶ್ಯವೂ ಹೊರಬಂತು. ತಪ್ಪು ಮಾಡಿದವರಿಗೆ ಶಿಕ್ಷೆ ಆಗಲೇಬೇಕು. ಆದರೆ ಅಮಾನತು ಆದೇಶದಿಂದ ಶೌಚಾಲಯ ಚೊಕ್ಕಟವಾಗುವುದಿಲ್ಲ. ನಾಳೆ ಅದನ್ನು ತೊಳೆಯುವವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಈಗ ದುಡ್ಡಿನ ಲೆಕ್ಕಕ್ಕೆ ಬನ್ನಿ. ಅಂಗಡಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿ ಪ್ರಕಾರ, ನೂರು ದಾಟಿ 250ರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ಅನುದಾನ. ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ. ಅಂದರೆ ವರ್ಷಕ್ಕೆ 5,000, ತಿಂಗಳಿಗೆ 416 ರೂಪಾಯಿ ಚಿಲ್ಲರೆ. ಹೆಚ್ಚು ಖರ್ಚು ಮಾಡಬಾರದು ಅಂತೇನಿಲ್ಲ, ಆದರೆ ಮಿಕ್ಕಿದ್ದರಲ್ಲಿ ರಿಪೇರಿ, ಕಲಿಕಾ ಸಾಮಗ್ರಿ ಎಲ್ಲ ಆಗಬೇಕು. ಇನ್ನೂರು ಮಕ್ಕಳು ಬಳಸುವ ಶೌಚಾಲಯಕ್ಕೆ ಆ ದುಡ್ಡಿನಲ್ಲಿ ಫಿನಾಯಿಲು, ಪೊರಕೆ ಬಂದಾವು. ಮನುಷ್ಯ ಬರುತ್ತಾನೆಯೇ?

ಇನ್ನು ಅಡುಗೆ ಕೋಣೆ. 2007ರಿಂದ ಹೈಸ್ಕೂಲು ಮಕ್ಕಳಿಗೂ ಬಿಸಿಯೂಟ ಬಂತು. 2013ರಲ್ಲಿ ಕ್ಷೀರಭಾಗ್ಯ ಸೇರಿತು. 2024ರಲ್ಲಿ ಹಾಲಿನ ಜೊತೆ ರಾಗಿ ಮಾಲ್ಟು ಬಂತು. ಅದೇ ವರ್ಷ ಮೊಟ್ಟೆ ವಾರಕ್ಕೆ ಆರು ದಿನವಾಯಿತು. ಎಲ್ಲವೂ ಒಳ್ಳೆಯದೇ, ಮಕ್ಕಳ ಹೊಟ್ಟೆಗೆ ಹೋಗುವುದನ್ನು ಬೇಡ ಎನ್ನುವವರು ಯಾರು? ಆದರೆ ಇನ್ನೂರು ಮೊಟ್ಟೆ ಬೇಯಿಸಿ ಸಿಪ್ಪೆ ಸುಲಿಯುವ ಕೈಗಳು ಹಳೆಯವೇ. ಕೇಂದ್ರದ ನಿಯಮದಂತೆ 26ರಿಂದ ನೂರು ಮಕ್ಕಳವರೆಗೆ ಇಬ್ಬರು, ಆಮೇಲೆ ಪ್ರತಿ ನೂರಕ್ಕೆ ಇನ್ನೊಬ್ಬರು.

ಇವರಿಗೆ ಸಿಗುವುದು ಸಂಬಳವಲ್ಲ, ‘ಗೌರವ ಧನ’. ಕೇಂದ್ರದ ಲೆಕ್ಕದಲ್ಲಿ 2009ರಲ್ಲಿ ನಿಗದಿಯಾದ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷದಲ್ಲಿ ಹತ್ತೇ ತಿಂಗಳು. ಮೇಲಿನದನ್ನು ರಾಜ್ಯ ಸೇರಿಸುತ್ತದೆ. 3,700 ರೂಪಾಯಿ ಪಡೆಯುತ್ತಿದ್ದ ಮುಖ್ಯ ಅಡುಗೆಯವರಿಗೆ 2025-26ರ ಬಜೆಟ್ಟಿನಲ್ಲಿ 1,000 ಹೆಚ್ಚಿಸಲಾಯಿತು. ತಿಂಗಳಿಗೆ 25 ದಿನ ಎಂದು ಹಿಡಿದರೂ ದಿನಕ್ಕೆ 188 ರೂಪಾಯಿ. ಅದೇ ವರ್ಷ ರಾಜ್ಯದಲ್ಲಿ ನರೇಗಾ ಕೂಲಿ 370. ಕೆರೆ ಹೂಳೆತ್ತುವವರಿಗೆ ಸಿಕ್ಕಿದ್ದರ ಅರ್ಧದಷ್ಟು, ಮಕ್ಕಳಿಗೆ ಅನ್ನ ಬೇಯಿಸುವವರಿಗೆ! ಕೇಳಿದರೆ ‘ಅರೆಕಾಲಿಕ ಕೆಲಸ’ ಎಂಬ ಉತ್ತರ. ಬೆಳಿಗ್ಗೆಯ ಹಾಲಿನಿಂದ ಮಧ್ಯಾಹ್ನ ಪಾತ್ರೆ ಉಜ್ಜಿ ಬೋರಲು ಹಾಕುವವರೆಗೆ ಅರ್ಧ ಎಲ್ಲಿ, ಪೂರ್ತಿ ಎಲ್ಲಿ ಎಂದು ಹೇಳಿದವರಿಲ್ಲ. ಉತ್ತರ ಪ್ರದೇಶದ ಅಡುಗೆಯವರ ಪ್ರಕರಣದಲ್ಲಿ ಅಲಹಾಬಾದ್ ಹೈಕೋರ್ಟು 2020ರ ಡಿಸೆಂಬರಿನಲ್ಲಿ, ತಿಂಗಳಿಗೆ 1,000 ರೂಪಾಯಿ ಕೊಟ್ಟು ದುಡಿಸುವುದು ಸಂವಿಧಾನ ನಿಷೇಧಿಸಿದ ಬಲವಂತದ ದುಡಿಮೆ ಎಂದೇ ಹೇಳಿತು.

ಒಂದು ಹೋಲಿಕೆ ಸಾಕು. ಪೇಟೆಯ ದಿನಸಿ ಅಂಗಡಿಯವರು ಹದಿಮೂರು ವರ್ಷದ ಹುಡುಗನನ್ನು ಕಸ ಗುಡಿಸಲು ಇಟ್ಟರೆ ಲೇಬರ್ ಇನ್‌ಸ್ಪೆಕ್ಟರ್ ಬಾಗಿಲಿಗೆ ಬರುತ್ತಾರೆ, ಬರಲೂ ಬೇಕು. ಆಳಿಗೆ ಕನಿಷ್ಠ ಕೂಲಿ ಕೊಡದಿದ್ದರೂ ನೋಟೀಸು. ಅದೇ ವಯಸ್ಸಿನ ಹುಡುಗ ಶಾಲೆಯಲ್ಲಿ ಜವಾನನ ಕೆಲಸ ಮಾಡಿದರೆ ಅದು ‘ಸೇವಾ ಮನೋಭಾವ’. ಹೆಂಗಸು 188 ರೂಪಾಯಿಗೆ ದುಡಿದರೆ ಅದು ‘ಗೌರವ’. ಖಾಲಿ ಹುದ್ದೆಯ ಮೇಷ್ಟ್ರಿಗೆ ಬದಲಿ ಬಂದವರು ‘ಅತಿಥಿ’. ಸಂಬಳ ಕೊಡಬೇಕಾದ ಕಡೆಯೆಲ್ಲ ಸರ್ಕಾರ ಒಂದೊಂದು ಒಳ್ಳೆಯ ಪದ ಕೊಟ್ಟಿದೆ. ಪದಕ್ಕೆ ಬಜೆಟ್ಟಿನಲ್ಲಿ ಖರ್ಚಿಲ್ಲ.

ಹೆಡ್‌ಮಾಸ್ಟರನ್ನು ಬೈದರೆ ಪ್ರಯೋಜನ ಅಷ್ಟಕ್ಕಷ್ಟೆ. ಎಷ್ಟೋ ಕಡೆ ಅವರೇ ಕೈಯಿಂದ ದುಡ್ಡು ಹಾಕಿ ಯಾರನ್ನೋ ಕರೆಸಿ ತೊಳೆಸುತ್ತಾರೆ. ಕೇಳಬೇಕಾದ್ದು ಶಾಲಾಭಿವೃದ್ಧಿ ಸಮಿತಿಯಲ್ಲಿ, ಗ್ರಾಮಸಭೆಯಲ್ಲಿ, ಓಟು ಕೇಳಲು ಬಂದವರ ಎದುರಿಗೆ. ಮಂಜೂರಾದ ಡಿ ದರ್ಜೆ ಹುದ್ದೆ ಎಷ್ಟು, ಖಾಲಿ ಎಷ್ಟು, ನೋಟೀಸು ಬೋರ್ಡಿಗೆ ಹಾಕಿ ಅನ್ನಬೇಕು. ಶೌಚಾಲಯ ತೊಳೆಯುವವರು ಯಾರು, ಅವರಿಗೆ ಕೊಡುವುದೆಷ್ಟು ಎಂದು ಕೇಳಬೇಕು. ಮಕ್ಕಳ ಕೆಲಸಕ್ಕೆ ಸರದಿ ಪಟ್ಟಿ ಇದೆಯೇ, ಅದರಲ್ಲಿ ಎಲ್ಲ ಮಕ್ಕಳ ಹೆಸರೂ ಇದೆಯೇ, ಪಾಠದ ಹೊತ್ತು ತಪ್ಪುತ್ತಿಲ್ಲ ತಾನೇ ಎಂದು ನೋಡಬೇಕು.

ಬೆಳಿಗ್ಗೆ ಬಸ್ಸಿನಲ್ಲಿ ಬ್ಯಾಗು ಹೊತ್ತು ಪಕ್ಕದಲ್ಲಿ ನಿಂತ ಹುಡುಗಿಯನ್ನು ಯಾರಾದರೂ ವಿಚಾರಿಸಲಿ: ‘ಇಷ್ಟು ಬೇಗ ಯಾಕಮ್ಮಾ?’ ‘ಇವತ್ತು ನನ್ನ ಸರದಿ’ ಅಂದರೆ ಸರಿ. ‘ದಿನಾ ನಾನೇ’ ಅಂದರೆ, ಆ ಶಾಲೆಯ ಖಾಲಿ ಹುದ್ದೆ ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ. ಅದನ್ನು ತುಂಬಿರುವುದು ಆ ಹುಡುಗಿಯೇ.